ಕಾಸರಗೋಡಿನ ಮಗ್ಗವೂ ಗಿಡಮರಗಳ ಬಣ್ಣವೂ

ಅಚ್ಚೊತ್ತಿದ ಬಟ್ಟೆಯ ಮಾತು ಬಂದಾಗ ಮಚಲೀಪಟ್ಟಣ, ಸಾಂಗಾನೇರ, ಕಚ್ಛ ಮೊದಲಾದ ಊರು ನಾಡುಗಳ ಹೆಸರು ಕೇಳಿಬರುತ್ತದೆ. ನಮ್ಮ ಚಂದ್ರಗಿರಿ ಹೊಳೆಯ ದಂಡೆಯಲ್ಲಿ ಆ ಕಸುಬು ಹೆಸರು ಮಾಡಲಿಲ್ಲ. ಇಲ್ಲಿನ ಬಟ್ಟೆಗೆ ಬೆಡಗು ಬಂದುದು ಬಣ್ಣ ಕಟ್ಟಿದ ನೂಲಿನಿಂದ. ಆದರೆ ಅಚ್ಚಿನವನೂ ನೇಕಾರನೂ ಹಿಂದೆ ಕೈಚಾಚುತ್ತಿದ್ದುದು ಒಂದೇ ಕಾಡಿಗೆ.

ಅಚ್ಚಿನವರ ವಿದ್ಯೆ ಬೆರಗು ಹುಟ್ಟಿಸುವಂಥದು. ಬಟ್ಟೆಯ ಗಂಜಿ ತೆಗೆದು ಅಳಲೆಕಾಯಿಯ ಕಷಾಯದಲ್ಲಿ ಅದ್ದಿ ಒಣಗಿಸುವರು. ಬೆಲ್ಲದ ನೀರಿನಲ್ಲಿ ತುಕ್ಕುಗಬ್ಬಿಣವನ್ನು ಹಲವು ದಿನ ನೆನೆಯಿಟ್ಟು ಪಡೆದ ರಸವನ್ನು ಮರದ ಅಚ್ಚಿನಿಂದ ಒತ್ತಿದೆಡೆ ಕಪ್ಪು ಮೂಡುತ್ತದೆ. ಪಟಿಕದ ನೀರನ್ನು ಒತ್ತಿದೆಡೆ ಮೊದಲು ಏನೂ ಕಾಣದು. ಮಂಜಿಷ್ಠದ ಬೇರಿನೊಡನೆ ಕುದಿಸಿದಾಗ ಅಲ್ಲಿ ಕೆಂಪು ಕಚ್ಚಿಕೊಳ್ಳುತ್ತದೆ. ಉಳಿದೆಡೆ ತಗುಲಿದ ಬಣ್ಣ ಒಗೆತಕ್ಕೂ ಬಿಸಿಲಿಗೂ ಬಿಟ್ಟುಹೋಗುತ್ತದೆ. ಗುಜರಾತಿನಿಂದ ಹೋದ ಇಂತಹ ಅಚ್ಚುಬಟ್ಟೆಯ ತುಂಡುಗಳು ಈಜಿಪ್ತಿನ ಫುಸ್ತಾತಿನಲ್ಲಿ ದೊರೆತಿವೆ.

ಆ ಬಣ್ಣದ ಮರಗಳು ನಮಗೆ ಅಪರಿಚಿತವೇನಲ್ಲ. ಮಲಯಾಳದಲ್ಲಿ ಪದಿಮುಗಂ ಎಂದು ಕರೆಯುವ ಸಪ್ಪಂಗದ ಚಕ್ಕೆಯನ್ನು ಕುಡಿಯುವ ನೀರಿಗೆ ಹಾಕಿ ಕುದಿಸುತ್ತೇವಲ್ಲ, ಆ ಕೆಂಪೇ ಹಿಂದೆ ಬಟ್ಟೆಗೂ ಏರುತ್ತಿತ್ತು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸವನ್ನು ಸುಣ್ಣ ತಾಕಿಸಿ ನಿಲ್ಲಿಸುತ್ತಿದ್ದರು. ಅದೂ ಇದೇ ಶಾಸ್ತ್ರ. ೧೮೫೧ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಜಾನ್ ಹಾಲರ್ ಅಲ್ಲಿನ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದರೆಂಬ ಮಾತು ಪ್ರಸಿದ್ಧವಾಗಿದೆ. ವಾಯವ್ಯ ಗಡಿಯ ದಂಡೊಂದು ಅದಕ್ಕೂ ಮೊದಲೇ ಖಾಕಿಯನ್ನು ಉಟ್ಟಿತ್ತಾದುದರಿಂದ, ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂಬ ಅಭಿಮಾನವನ್ನು ನಾವು ತುಸು ತಗ್ಗಿಸಿಕೊಳ್ಳುವುದು ಲೇಸು.

೧೮೫೬ರಲ್ಲಿ ಪರ್ಕಿನನು ಕಲ್ಲಿದ್ದಲಿನ ಡಾಂಬರಿನಿಂದ ನೇರಿಳೆ ಬಣ್ಣ ತೆಗೆದನು. ೧೮೬೯ರಲ್ಲಿ ಮಂಜಿಷ್ಠದ ಜಾತಿಯ ಬೇರುಗಳ ಕೆಂಪೂ, ೧೮೯೭ರಲ್ಲಿ ನೀಲಿಯೂ ಜರ್ಮನಿಯ ಕಾರ್ಖಾನೆಗಳ ಪಾಲಾದವು. ನಮ್ಮ ಮಗ್ಗಗಳೂ ಆ ಹಾದಿ ಹಿಡಿದವು. ಇಂದು ಕಾಸರಗೋಡು ಸೀರೆಯ ಕೀರ್ತಿ ನಿಂತಿರುವುದು ಒಗೆತಕ್ಕೆ ಬಿಡದ ರಾಸಾಯನಿಕ ಬಣ್ಣದ ನೂಲಿನ ಮೇಲೆಯೇ.

ಇದನ್ನು ನೇಯುವವರು ಶಾಲಿಯರು. ಉಡುಪಿ ಮಂಗಳೂರುಗಳ ಕಡೆ ಶೆಟ್ಟಿಗಾರರು. ೧೯೩೮ರಲ್ಲಿ ಇಲ್ಲಿನ ನೇಕಾರರ ಸಹಕಾರ ಸಂಘ ಹುಟ್ಟಿದಾಗ ಇಬ್ಬರೂ ದಕ್ಷಿಣ ಕನ್ನಡ ಜಿಲ್ಲೆಯವರೇ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ಕಸುಬಿನವರು ಎರಡು ಸರಕಾರಗಳ ಬಾಗಿಲಿಗೆ ಹೋಗಬೇಕಾಯಿತು. ಕಾಸರಗೋಡು ಸೀರೆಗೆ ೨೦೧೦ರ ಸುಮಾರಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತುದು ಸಂತೋಷವೇ. ಆದರೆ ಮಗ್ಗದ ಮುಂದೆ ಕೂರುವ ತರುಣರು ವಿರಳರಾಗಿರುವಾಗ ಬರಿಯ ಮನ್ನಣೆಯಿಂದ ನೂಲು ಓಡದು. ನಮ್ಮ ಮದುವೆ ಮುಂಜಿಗಳ ಜವಳಿಯ ಪಟ್ಟಿಯಲ್ಲಿ ಈ ಸೀರೆಗೆ ಎಷ್ಟು ಸ್ಥಾನವಿದೆಯೆಂದು ಓದುಗರೇ ನೋಡಿಕೊಳ್ಳಬಹುದು.

ಈಚಿನ ವರ್ಷಗಳಲ್ಲಿ ಗಡಿಯಾಚೆಯ ಕೆಲವು ನೇಕಾರರು ಅಡಿಕೆಯ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟಿ ಉಡುಪಿ ಸೀರೆ ನೇಯತೊಡಗಿದ್ದಾರೆ. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಚಾಲಿ ಮಾಡುವುದರಿಂದ, ಬೇಯಿಸುವಾಗ ಉಳಿಯುವ ಚೊಗರು ಇಲ್ಲಿ ಸಿಗುವುದು ಕಡಿಮೆ. ಘಟ್ಟದ ಮೇಲಿನಿಂದ ತರಿಸಿದರೆ ಇಲ್ಲಿನ ಮಗ್ಗಗಳಲ್ಲಿಯೂ ಒಮ್ಮೆ ಪರೀಕ್ಷಿಸಿ ನೋಡಬಹುದು.