ಬ್ರಷ್ ಹೋಯ್ತು, ಫ್ಯಾನ್ ಬಂತು

ನಮ್ಮ ಅಪಾರ್ಟ್‌ಮೆಂಟಿನ ಪಂಪ್ ರೂಮಿನ ಗೋಡೆಯಲ್ಲಿ ಬೂದು ಬಣ್ಣದ ಒಂದು ಡಬ್ಬಿಯಿದೆ. ಏಳು ವರ್ಷ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಏಪ್ರಿಲ್‌ನ ಒಂದು ಬೆಳಗ್ಗೆ ಅದು ಕೆಟ್ಟು, ನಲ್ಲಿಗಳೆಲ್ಲ ಒಣಗಿದವು. ಬಂದ ಎಲೆಕ್ಟ್ರಿಷಿಯನ್ ಮುಚ್ಚಳ ಬಿಚ್ಚಿ ತೋರಿಸಿದ. ಅಂಗೈ ಅಗಲದ ಫ್ಯಾನು ಧೂಳು ಮೆತ್ತಿಕೊಂಡು ನಿಂತೇ ಹೋಗಿತ್ತು, ಹಿಂದಿನ ಕೆಪ್ಯಾಸಿಟರ್‌ಗಳ ತಲೆ ಪೂರಿ ಥರ ಉಬ್ಬಿತ್ತು. "ಇದಕ್ಕೆ ಮೇಂಟೆನೆನ್ಸೇ ಬೇಡ ಅಂದಿದ್ರಲ್ಲ?" ಅಂದರು ಕಮಿಟಿಯವರು. ಆ 'ಬೇಡ' ಎಲ್ಲಿಂದ ಬಂತು ಅಂತ ಹುಡುಕಿದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಡಬ್ಬಿಯ ಹೆಸರು ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ವಿಎಫ್‌ಡಿ. ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡೋದು ಅದರ ಕೆಲಸ. ಕೇಳೋಕೆ ಸಣ್ಣದು, ಆದರೆ ಇಂಜಿನಿಯರುಗಳನ್ನು ಬಹಳ ಕಾಲ ಗೋಳು ಹೊಯ್ದುಕೊಂಡ ಸಮಸ್ಯೆ. 1888ರಲ್ಲಿ ಟೆಸ್ಲಾ ಪೇಟೆಂಟ್ ಪಡೆದ ಇಂಡಕ್ಷನ್ ಮೋಟಾರು ಗಟ್ಟಿಮುಟ್ಟು, ನಿಜ. ಆದರೆ ಅದರ ಲಗಾಮು ಕರೆಂಟಿನ ಫ್ರೀಕ್ವೆನ್ಸಿಯ ಕೈಯಲ್ಲಿ. ನಮ್ಮ 50 ಹರ್ಟ್ಜ್‌ಗೆ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ 1500 ಸುತ್ತಿನ ಆಸುಪಾಸಿನಲ್ಲಿ ಓಡುತ್ತೆ, ಅಷ್ಟೇ. ಲಿಫ್ಟು, ಉಕ್ಕಿನ ರೋಲಿಂಗ್ ಮಿಲ್ಲು, ಹೀಗೆ ವೇಗ ಬದಲಿಸಬೇಕಾದ ಕಡೆ ಡಿಸಿ ಮೋಟಾರೇ ಗತಿ. 1891ರಲ್ಲಿ ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್ ಅದಕ್ಕೊಂದು ಉಪಾಯ ಹೂಡಿದ. ಒಂದು ಮೋಟಾರಿನಿಂದ ಜನರೇಟರ್ ತಿರುಗಿಸಿ, ಅದರ ಕರೆಂಟಿನಿಂದ ಡಿಸಿ ಮೋಟಾರ್ ಓಡಿಸೋದು. ಒಬ್ಬರ ಕೆಲಸಕ್ಕೆ ಮೂರು ಜನ ಅನ್ನೋ ಹಾಗೆ!

ಡಿಸಿ ಮೋಟಾರಿನ ತಾಪತ್ರಯ ಅಂದರೆ ಬ್ರಷ್ಷು. ತಿರುಗುವ ತಾಮ್ರದ ಕಮ್ಯುಟೇಟರ್‌ಗೆ ಉಜ್ಜಿಕೊಂಡೇ ಕರೆಂಟ್ ದಾಟಿಸುವ ಇಂಗಾಲದ ತುಂಡು. ಸವೆಯುತ್ತೆ, ಕಿಡಿ ಹಾರಿಸುತ್ತೆ, ಕಪ್ಪು ಪುಡಿ ಉದುರಿಸುತ್ತೆ. ಹಾಗಾಗಿ ಬ್ರಷ್ಷಿನ ಉದ್ದ ಅಳೆಯುವ, ಕಮ್ಯುಟೇಟರಿನ ಬಣ್ಣ ನೋಡಿಯೇ ಮೋಟಾರಿನ ನಾಡಿ ಹಿಡಿಯುವ ಮನುಷ್ಯ ಪಕ್ಕದಲ್ಲಿ ಇರಲೇಬೇಕಿತ್ತು. ಕಾಯಿಲೆ ಕಣ್ಣಿಗೆ ಕಾಣುತ್ತಿತ್ತು. ನನ್ನ ಪ್ರಕಾರ ಬ್ರಷ್ಷಿನ ದೊಡ್ಡ ಗುಣವೇ ಅದು.

ಆಮೇಲೆ ಸೆಮಿಕಂಡಕ್ಟರ್ ಬಂತು, ಫ್ರೀಕ್ವೆನ್ಸಿಯನ್ನೇ ಬದಲಿಸುವ ದಾರಿ ತೆರೆಯಿತು. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿ ಇಂಥ ಡ್ರೈವ್‌ಗಳನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಿಸತೊಡಗಿತು. 1982ರಲ್ಲಿ ಶುರುವಾದ ಹೆಲ್ಸಿಂಕಿ ಮೆಟ್ರೊ ಇಂಡಕ್ಷನ್ ಮೋಟಾರಿನ ಮೇಲೆಯೇ ಓಡಿತು. ಬ್ರಷ್ಷಿಲ್ಲ, ಕಿಡಿಯಿಲ್ಲ.

ಇಲ್ಲಿ ನಮ್ಮೂರಿನ ನಂಟೂ ಇದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ ಬಾಳಿಗಾ 1980ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದರು. ಕಂಪನಿಗೆ ಆಗ ಬೇಕಿದ್ದದ್ದು ಹೀಟ್ ಪಂಪಿನ ಮೋಟಾರ್ ವೇಗ ನಿಯಂತ್ರಿಸಲು ಒಂದು ಒಳ್ಳೆ ಸ್ವಿಚ್ಚು. ಅವರು ಕೊಟ್ಟದ್ದು ಐಜಿಬಿಟಿ. ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ಈ ಸ್ವಿಚ್ಚಿನಿಂದ ಬೀರುವಿನಷ್ಟಿದ್ದ ಡ್ರೈವು ಗೋಡೆಯ ಡಬ್ಬಿಯಾಯ್ತು. ಬಾಳಿಗಾರಿಗೆ 2024ರಲ್ಲಿ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು, ಅದು ಬೇರೆ ಮಾತು.

ಆದರೆ ಅದೇ ವೇಗ ಹೊಸ ಕಾಯಿಲೆಯನ್ನೂ ತಂತು. ಐಜಿಬಿಟಿಯ ಚುರುಕು ಸ್ವಿಚಿಂಗ್ ಮೋಟಾರಿನ ಶಾಫ್ಟಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತೆ, ಅದು ಬೇರಿಂಗಿನ ತೆಳು ಗ್ರೀಸ್ ಪದರ ಸೀಳಿ ಕಿಡಿಯಾಗಿ ಹಾಯುತ್ತೆ. ದಿನ ಕಳೆದಂತೆ ಬೇರಿಂಗಿನ ಒಳಗೆ ಬಟ್ಟೆ ಒಗೆಯೋ ಹಲಗೆಯ ಹಾಗೆ ಗೆರೆ ಮೂಡುತ್ತೆ. 1990ರ ದಶಕದಲ್ಲಿ ಇಂಜಿನಿಯರುಗಳು ಇದಕ್ಕೆ ಸಾಕಷ್ಟು ತಲೆ ಕೆಡಿಸಿಕೊಂಡರು. ಒಂದು ಪರಿಹಾರ ಏನು ಗೊತ್ತಾ? ಶಾಫ್ಟಿನ ಕರೆಂಟನ್ನು ಭೂಮಿಗೆ ಇಳಿಸಲು ಒಂದು ಬ್ರಷ್ಷು! ಹೊರಗೆ ಹಾಕಿದವನು ಹಿತ್ತಿಲ ಬಾಗಿಲಿಂದ ವಾಪಸ್ ಬಂದ.

ಇನ್ನೊಂದು ಕಾಯಿಲೆ ಕೆಪ್ಯಾಸಿಟರ್‌ದು. ಡ್ರೈವು ನಮ್ಮ 415 ವೋಲ್ಟ್ ಎಸಿಯನ್ನು ಮೊದಲು ಸುಮಾರು 580 ವೋಲ್ಟಿನ ಡಿಸಿ ಮಾಡಿ, ಕೆಪ್ಯಾಸಿಟರ್‌ಗಳಲ್ಲಿ ಹಿಡಿದಿಟ್ಟು, ಆಮೇಲೆ ಬೇಕಾದ ಹಾಗೆ ಕತ್ತರಿಸುತ್ತೆ. ಅವುಗಳೊಳಗೆ ದ್ರವ ಇರುತ್ತೆ, ಬಿಸಿಗೆ ನಿಧಾನವಾಗಿ ಆರುತ್ತೆ. ಶಾಖ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಮ್ಮಿ ಎರಡು ಪಟ್ಟು ಅನ್ನೋದು ರೂಢಿಯ ಲೆಕ್ಕ. ಅಂದರೆ ದುಬಾರಿ ಡ್ರೈವಿನ ಜೀವ ಇರೋದು ಆ ಬಡಪಾಯಿ ಫ್ಯಾನಿನಲ್ಲಿ. ಬಳಸದೆ ಇಟ್ಟರೂ ಕಷ್ಟವೇ: ವರ್ಷಗಟ್ಟಲೆ ಸ್ಟೋರಿನಲ್ಲಿ ಮಲಗಿದ ಡ್ರೈವಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಕೆಪ್ಯಾಸಿಟರ್ ಸಿಡಿಯಬಹುದು, ಮೆಲ್ಲಗೆ ಏರಿಸಿ ಎಬ್ಬಿಸಬೇಕು.

ಬ್ರಷ್ಷು ಹೋದಾಗ ಅದನ್ನು ನೋಡಿಕೊಳ್ಳುತ್ತಿದ್ದವನೂ ಹೋದ. ಧೂಳು ಊದೋಕೆ, ಸ್ಕ್ರೂ ಬಿಗಿ ಇದೆಯಾ ನೋಡೋಕೆ ಆ ಜಾಗಕ್ಕೆ ಯಾರನ್ನೂ ಇಡಲಿಲ್ಲ. 'ಮೇಂಟೆನೆನ್ಸ್ ಫ್ರೀ' ಅಂತ ಹೇಳಿದ್ದು ಮೋಟಾರಿಗೆ, ನಾವು ಕೇಳಿಸಿಕೊಂಡದ್ದು ಇಡೀ ವ್ಯವಸ್ಥೆಗೆ.

ನಾನು ಹತ್ತಿರ ಬಗ್ಗಿದಾಗ ಎಲೆಕ್ಟ್ರಿಷಿಯನ್ ಕೈ ಅಡ್ಡ ಹಿಡಿದ. ಮೇನ್ ಆಫಾಗಿತ್ತು, ಡಿಸ್‌ಪ್ಲೇಯೂ ಆರಿತ್ತು. "ಐದು ನಿಮಿಷ ತಡೀರಿ ಸಾರ್, ಒಳಗೆ ಇನ್ನೂ ಕರೆಂಟ್ ಕೂತಿರುತ್ತೆ" ಅಂದ. ಮೀಟರ್ ಇಟ್ಟು ನೋಡಿದ ಮೇಲೇ ಹಳೆ ಫ್ಯಾನು ಬಿಚ್ಚಿದ್ದು.