ಹಳದಿ ದೀಪದ ಗುಟ್ಟು

ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಗಳ ಮುಂದೆ ಒಂದು ಕಾಲಕ್ಕೆ ನಿಲ್ಲುತ್ತಿದ್ದುದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಕಾರುಗಳು. ಅವು ಮುನಿಸಿಕೊಂಡರೆ ಮೆಕ್ಯಾನಿಕ್ ಬಾನೆಟ್ ಎತ್ತಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳುತ್ತಿದ್ದ. ಬೇಕಾದ ಬಿಡಿಭಾಗ ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯಲ್ಲೋ ಸಿಗುತ್ತಿತ್ತು. ಪಕ್ಕದಲ್ಲಿ ನಿಂತ ಮಾಲೀಕನೂ ಅಷ್ಟಿಷ್ಟು ಕಲಿಯುತ್ತಿದ್ದ.

ಇಂದಿನ ಕಾರು ಕೆಟ್ಟಾಗ ಎಷ್ಟೋ ಬಾರಿ ಸದ್ದೇ ಇರುವುದಿಲ್ಲ. ಡ್ಯಾಷ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ, ಅಷ್ಟೆ. ಏನಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಅಷ್ಟನ್ನು ತಿಳಿಯಲೆಂದೇ ಹಣ ತೆರಬೇಕೆ? ಉತ್ತರ ಈ ದೀಪದ ಚರಿತ್ರೆಯಲ್ಲೇ ಇದೆ.

ಹೊಗೆಯಿಂದ ಹುಟ್ಟಿದ್ದು

ವಿಚಿತ್ರವೆಂದರೆ, ದೀಪಕ್ಕೆ ಕಾನೂನಿನ ಬಲ ಬಂದದ್ದು ಮಾಲೀಕನ ಅನುಕೂಲಕ್ಕಾಗಿ ಅಲ್ಲ, ಗಾಳಿಯ ರಕ್ಷಣೆಗಾಗಿ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಸುವ ಮಬ್ಬಿಗೆ ವಾಹನಗಳ ಹಾಗೂ ತೈಲ ಸಂಸ್ಕರಣಾಗಾರಗಳ ಹೊಗೆಯ ಮೇಲೆ ಬಿಸಿಲು ಬೀಳುವುದೇ ಕಾರಣವೆಂದು 1950ರ ದಶಕದ ಆರಂಭದಲ್ಲಿ ರಸಾಯನ ವಿಜ್ಞಾನಿ ಏರಿ ಹಾಗನ್-ಸ್ಮಿಟ್ ತೋರಿಸಿದರು. ಮುಂದೆ ಹೊಗೆಯ ಮಿತಿಗಳು ಬಿಗಿಯಾದಂತೆ ಎಂಜಿನ್ನಿಗೆ ಕಂಪ್ಯೂಟರ್ ಬಂತು. 1980ರ ದಶಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಎರಡು ತುದಿಗಳಿಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿದರೆ ಸಾಕು, ದೀಪವೇ ಮಿಣುಕಿ ಸಂಕೇತ ಹೇಳುತ್ತಿತ್ತು. ಒಂದು ಮಿಣುಕು, ವಿರಾಮ, ಮತ್ತೆರಡು ಮಿಣುಕು ಎಂದರೆ 12ನೇ ಸಂಕೇತ!

ಕ್ಯಾಲಿಫೋರ್ನಿಯ 1988ರ ಮಾದರಿಗಳಿಂದ ಇಂಥ ಸ್ವಯಂ ತಪಾಸಣೆಯನ್ನು ಕಡ್ಡಾಯ ಮಾಡಿತು. ಆದರೆ ಒಂದೊಂದು ಕಂಪೆನಿಗೂ ಒಂದೊಂದು ಭಾಷೆ. 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿ ಈ ಗೊಂದಲಕ್ಕೆ ತೆರೆ ಎಳೆಯಲು ದಾರಿ ಮಾಡಿತು. 1996ರ ಮಾದರಿಗಳಿಂದ ಅಮೆರಿಕದ ಎಲ್ಲ ಕಾರುಗಳಿಗೂ 16 ಪಿನ್ನುಗಳ ಒಂದೇ ಬಗೆಯ ಕಿಂಡಿ, ಒಂದೇ ಮೂಲ ಸಂಕೇತಮಾಲೆ. ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂದು ಆ ಕಾನೂನು ಹೇಳಿತು. ಹೀಗೆ ಕಂಪೆನಿಯ ಗುಟ್ಟಾಗಿದ್ದುದು ಸಾರ್ವಜನಿಕ ವಿದ್ಯೆಯಾಯಿತು.

ಈ ಕಥೆಗೆ ಬೆಂಗಳೂರಿನ ನಂಟೂ ಉಂಟು. ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ‘ಕ್ಯಾನ್’ ಪದ್ಧತಿಯನ್ನು 1986ರಲ್ಲಿ ಪ್ರಕಟಿಸಿದ್ದು ಜರ್ಮನಿಯ ಬಾಷ್. ಆಡುಗೋಡಿಯಲ್ಲಿದ್ದ ‘ಮೈಕೋ’ ಕಾರ್ಖಾನೆ ಅದೇ ಬಳಗದ್ದಾಗಿತ್ತು. ಭಾರತದಲ್ಲಿ ಈ ತಪಾಸಣೆ ಕಡ್ಡಾಯವಾದದ್ದು ಬಿಎಸ್-4 ನಿಯಮದೊಂದಿಗೆ. 2010ರ ಏಪ್ರಿಲ್‌ನಲ್ಲಿ ಅದು ಮೊದಲು ಜಾರಿಯಾದ 13 ನಗರಗಳಲ್ಲಿ ಬೆಂಗಳೂರೂ ಒಂದು. 2013ರ ಏಪ್ರಿಲ್‌ನಿಂದ ಇನ್ನೂ ಕಟ್ಟುನಿಟ್ಟಾದ ಎರಡನೆಯ ಹಂತ ಬಂತು.

ಓದುವ ಬಗೆ

ಕಿಂಡಿ ಸಾಮಾನ್ಯವಾಗಿ ಸ್ಟಿಯರಿಂಗಿನ ಕೆಳಗೇ ಇರುತ್ತದೆ. ಬೆಂಕಿಪೊಟ್ಟಣದಷ್ಟೇ ಇರುವ ಬ್ಲೂಟೂತ್ ಸಾಧನವನ್ನು ಅದಕ್ಕೆ ಸಿಕ್ಕಿಸಿ, ಎಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಿದರೆ ಮೊಬೈಲಿನಲ್ಲೇ ಸಂಕೇತ ಕಾಣುತ್ತದೆ. ಮೊದಲ ಅಕ್ಷರ ‘ಪಿ’ ಆದರೆ ದೋಷ ಎಂಜಿನ್ ಅಥವಾ ಗೇರು ವ್ಯವಸ್ಥೆಯದು. ‘ಬಿ’ ಒಡಲಿನದು, ‘ಸಿ’ ಚಾಸಿಯದು, ‘ಯು’ ಸಂಪರ್ಕ ಜಾಲದ್ದು. ಪಿ0300 ಎಂದರೆ ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪಿ0420 ಎಂದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೋತಿರಬಹುದು.

ಆದರೆ ಸಂಕೇತವೇ ತೀರ್ಪಲ್ಲ. ಪಿ0171 ಬಂದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದಷ್ಟೇ ಅರ್ಥ. ದೋಷ ದುಬಾರಿ ಸೆನ್ಸರಿನದೂ ಇರಬಹುದು, ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆಯದೂ ಇರಬಹುದು. ಸಂಕೇತವನ್ನು ಅಳಿಸಿದರೆ ದೀಪ ಆರುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ದೋಷ ಕಂಡ ಗಳಿಗೆಯ ದಾಖಲೆಯೂ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಬರೆದಿಟ್ಟುಕೊಳ್ಳುವುದು ಜಾಣತನ. ದೀಪ ಮಿಣುಕತೊಡಗಿದರಂತೂ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಬೇಕು. ಉರಿಯದ ಇಂಧನ ಕನ್ವರ್ಟರನ್ನೇ ಸುಟ್ಟೀತು.

ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಜಾಲತಾಣ ತೆರೆದಾಗ ವಾಹನಗಳನ್ನೂ ಸೇರಿಸಿತು. ಮೆಕ್ಯಾನಿಕ್ಕಿನ ಕಿವಿ, ಕೈಗಳ ಅನುಭವ ಇಂದಿಗೂ ಬೇಕು. ಆದರೆ ಸಂಕೇತ ಬರೆದ ಚೀಟಿ ಹಿಡಿದು ಗ್ಯಾರೇಜಿಗೆ ಹೋಗುವ ಮಾಲೀಕ, ಹೆರಾಲ್ಡ್ ಕಾಲದವನಂತೆ, ಮತ್ತೆ ಬಾನೆಟ್ಟಿನ ಪಕ್ಕ ನಿಂತು ಮಾತಾಡಬಲ್ಲ.