ಕ್ಯುಜಿಐಎಸ್

ಭೌಗೋಳಿಕ ದತ್ತಾಂಶವನ್ನು ವಿಶ್ಲೇಷಿಸಲು ಹಾಗೂ ನಕ್ಷೆಗಳನ್ನು ವಿನ್ಯಾಸಗೊಳಿಸಲು ಬಳಸುವ ಮುಕ್ತ ತಂತ್ರಾಂಶ. ಗ್ಯಾರಿ ಶೆರ್ಮನ್ 2002ರಲ್ಲಿ ಇದರ ರಚನೆ ಆರಂಭಿಸಿದರು, 1.0 ಆವೃತ್ತಿ ಹೊರಬಂದದ್ದು 2009ರಲ್ಲಿ. 2013ರವರೆಗೆ ಕ್ವಾಂಟಮ್ ಜಿಐಎಸ್ ಎಂಬ ಹೆಸರಿತ್ತು. ಗ್ನು ಸಾರ್ವಜನಿಕ ಪರವಾನಗಿಯಡಿ ಉಚಿತವಾಗಿ ದೊರೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ನದಿ, ರಸ್ತೆ, ಗಡಿ ಮುಂತಾದವು ಒಂದರ ಮೇಲೊಂದು ಪದರಗಳಾಗಿ ಕೂಡುತ್ತವೆ. ಪ್ರತಿ ಪದರದ ಬಣ್ಣ, ಗೆರೆಯ ದಪ್ಪ, ಚಿಹ್ನೆಗಳನ್ನು ದತ್ತಾಂಶದ ಮೌಲ್ಯಕ್ಕೆ ತಕ್ಕಂತೆ ನಿಗದಿಪಡಿಸಬಹುದು. ಅಂದದ ದೃಷ್ಟಿಯಿಂದ ಮುಖ್ಯವಾದುದು ಪದರಗಳ ಮಿಶ್ರಣ: ಎತ್ತರದ ದತ್ತಾಂಶದಿಂದ ಪಡೆದ ಬೆಟ್ಟದ ನೆರಳನ್ನು ‘ಮಲ್ಟಿಪ್ಲೈ’ ವಿಧಾನದಲ್ಲಿ ಬಣ್ಣದ ಪದರದೊಡನೆ ಬೆರೆಸಿದರೆ ಕೆಳಗಿನ ಬಣ್ಣ ಮುಚ್ಚಿಹೋಗದೆ ನೆಲದ ಉಬ್ಬುತಗ್ಗು ಎದ್ದುಕಾಣುತ್ತದೆ. ಅಕ್ಷರಗಳ ಸುತ್ತ ತೆಳುವಾದ ಬಿಳಿ ಅಂಚು ಕೊಟ್ಟರೆ ದಟ್ಟ ಹಿನ್ನೆಲೆಯಲ್ಲೂ ಊರಿನ ಹೆಸರು ಓದಲು ಬರುತ್ತದೆ.

ಮುದ್ರಣ ವಿನ್ಯಾಸದ ವಿಭಾಗದಲ್ಲಿ ಶೀರ್ಷಿಕೆ, ಅಳತೆಪಟ್ಟಿ, ಸಂಕೇತಸೂಚಿ, ದಿಕ್ಕಿನ ಬಾಣ ಸೇರಿಸಿ ಪಿಡಿಎಫ್ ಅಥವಾ ಎಸ್‌ವಿಜಿ ರೂಪದಲ್ಲಿ ಪಡೆಯಬಹುದು. ಎಸ್‌ವಿಜಿ ಕಡತವನ್ನು ಇಂಕ್‌ಸ್ಕೇಪ್‌ನಂಥ ಮತ್ತೊಂದು ಮುಕ್ತ ತಂತ್ರಾಂಶದಲ್ಲಿ ತಿದ್ದಲು ಸಾಧ್ಯ. ‘ಅಟ್ಲಾಸ್’ ಸೌಲಭ್ಯವು ಒಂದೇ ವಿನ್ಯಾಸದಿಂದ, ಉದಾಹರಣೆಗೆ ತಾಲ್ಲೂಕಿಗೊಂದರಂತೆ, ನಕ್ಷೆಗಳ ಸರಣಿಯನ್ನೇ ತಯಾರಿಸುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ದತ್ತಾಂಶದಲ್ಲಿ ಕನ್ನಡ ಹೆಸರು ದಾಖಲಾಗಿರುವ ಊರುಗಳನ್ನು ಯೂನಿಕೋಡ್ ಫಾಂಟ್ ಬಳಸಿ ಕನ್ನಡದಲ್ಲೇ ನಮೂದಿಸಬಹುದು.